ಅಂಗಾತ ಬಿದ್ದ ಕೋಳಿ

ನನ್ನ ಅಣ್ಣ ಹೊಡೆಯುವುದರಲ್ಲಿ ಪಳಗಿದವನು. ಎಲ್ಲಿ ಹೊಡೆದರೆ ಗುರುತು ಕಾಣುವುದಿಲ್ಲ, ಎಷ್ಟು ಜೋರಾಗಿ ಹೊಡೆದರೆ ಸದ್ದು ಪಕ್ಕದ ಮನೆಗೆ ಹೋಗುವುದಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಬೆನ್ನು, ತೊಡೆ, ತೋಳಿನ ಮೇಲ್ಭಾಗ. ಮುಖಕ್ಕೆ ಕೈ ಹಾಕುತ್ತಿದ್ದದ್ದು ಸಿಟ್ಟು ನೆತ್ತಿಗೇರಿದಾಗ ಮಾತ್ರ. ಆಗಲೂ ಮರೆಯದೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಇಷ್ಟು ಶಿಸ್ತಿನ ಮನುಷ್ಯ ಒಂದು ಮಧ್ಯಾಹ್ನ ಹಿತ್ತಲಿನಲ್ಲಿ, ಹಾಡಹಗಲೇ, ಸನಿಕೆ ಎತ್ತಿ ನನ್ನ ಹಣೆಗೆ ಬಾರಿಸಿದ. ಅದುವರೆಗಿನ ಏಟುಗಳನ್ನೆಲ್ಲ ನುಂಗಿಕೊಂಡಿದ್ದ ಆ ಮನೆಗೆ ಈ ಒಂದು ಏಟನ್ನು ನುಂಗಲಾಗಲಿಲ್ಲ. ಈ ಸಲ ರಕ್ತ ಮಣ್ಣಿಗೆ ಬಿದ್ದಿತ್ತು.

ಆಗ ನಾವಿದ್ದದ್ದು ಐರ್ಲೆಂಡಿನ ನೇಸ್‌ನಲ್ಲಿ, ಊರ ಅಂಚಿನ ಒಂದು ಬಾಡಿಗೆ ಮನೆಯಲ್ಲಿ. ಮೊದಲು ಬಂದವನು ಅಣ್ಣ, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದ. ನಾನು ಅಡುಗೆಯವನು. ನಮ್ಮ ಮೂಲ ಕರಾವಳಿ, ಬೆಳೆದದ್ದು ಬೆಂಗಳೂರು. ಅಪ್ಪ ದರ್ಶಿನಿಯೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತು ನಮ್ಮಿಬ್ಬರನ್ನೂ ಓದಿಸಿದ. ಓದು ಅಣ್ಣನಿಗೆ ಹತ್ತಿತು, ಕಾವಲಿ ನನಗೆ ಹತ್ತಿತು. ಅಪ್ಪ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲು. ಅಂದಿನಿಂದ ಅಣ್ಣನೇ ಅಪ್ಪ. ಅಪ್ಪ ಒಂದು ದಿನವೂ ನಮ್ಮ ಮೇಲೆ ಕೈ ಮಾಡಿದವನಲ್ಲ. ಅಪ್ಪನಾಗುವುದೆಂದರೆ ಹೊಡೆಯುವುದು ಎಂದು ಅಣ್ಣ ಎಲ್ಲಿಂದ ಕಲಿತನೋ ದೇವರಿಗೇ ಗೊತ್ತು. ನನಗೆ ಇಲ್ಲಿನ ರೆಸ್ಟೋರೆಂಟಿನಲ್ಲಿ ಕೆಲಸ ಹುಡುಕಿ ಕರೆಸಿಕೊಂಡವನೂ ಅವನೇ. ಏರ್‌ಪೋರ್ಟಿನಲ್ಲಿ ತಬ್ಬಿಕೊಂಡು ಅತ್ತ. ಮೂವತ್ತು ದಾಟಿದ ತಮ್ಮನ ಮೇಲೆ ಇನ್ನು ಕೈ ಮಾಡಲಾರ ಎಂದು ನಂಬಿದ್ದೆ.

ಲಾಕ್‌ಡೌನ್ ಬಂತು. ರೆಸ್ಟೋರೆಂಟ್ ಮುಚ್ಚಿತು, ಅಣ್ಣನ ಆಫೀಸು ನಮ್ಮ ಊಟದ ಟೇಬಲ್ಲಿಗೆ ಬಂತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ಅಡುಗೆ ಬಿಟ್ಟರೆ ಬೇರೆ ಗೊತ್ತಿಲ್ಲದ ನಾನು, ಅಡುಗೆಯ ಸದ್ದು ವಾಸನೆ ಎರಡೂ ಆಗದ ಅವನು, ನಡುವೆ ಒಂದು ತೆಳು ಬಾಗಿಲು. ಇಲ್ಲಿಗೆ ಬಂದ ಮೇಲೆ ಮೊದಲ ಏಟು ಬಿದ್ದದ್ದು ಕುಕ್ಕರ್ ಕೂಗಿದ್ದಕ್ಕೆ. ಅವನು ಮೀಟಿಂಗಿನಲ್ಲಿದ್ದ. ಮ್ಯೂಟ್ ಮಾಡಿದ, ಎದ್ದು ಬಂದ, ಸೌಟು ತೆಗೆದು ನನ್ನ ಕಿವಿಯ ಹಿಂದೆ ಬಿಟ್ಟ, ವಾಪಸ್ ಹೋಗಿ ಅನ್‌ಮ್ಯೂಟ್ ಮಾಡಿ ಸಾರಿ ಕೇಳಿದ. ನನ್ನನ್ನಲ್ಲ, ಮ್ಯಾನೇಜರನ್ನು. ಸಂಜೆ ಅವನೇ ಐಸ್ ತಂದು ಇಟ್ಟ.

"ಯಾಕೋ ನನ್ ಕೈಲಿ ಹಿಂಗೆಲ್ಲ ಮಾಡಿಸ್ತೀಯ?" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಆಮೇಲೆ ಬೆಲ್ಟು ಬಂತು. ಒಗ್ಗರಣೆಯ ಘಾಟಿಗೆ ಕೆಮ್ಮು ಬಂದು ಪಕ್ಕದವರು ಕೊರೊನಾ ಅಂದುಕೊಂಡಾರು ಎಂದು ಒಮ್ಮೆ ಫ್ರಿಜ್ಜಿನ ಬಾಗಿಲಿಗೆ ನನ್ನ ತಲೆ ಚಚ್ಚಿದ. ದವಡೆಯ ಹಲ್ಲೊಂದು ಮುರಿಯಿತು; ದಂತವೈದ್ಯರೆಲ್ಲ ಬಾಗಿಲು ಹಾಕಿದ್ದ ಕಾಲ, ಲವಂಗ ಒತ್ತಿಕೊಂಡು ಮಲಗಿದೆ. ನಾನು ಅವನಿಗಿಂತ ಗಟ್ಟಿ ಆಳು. ಅಕ್ಕಿ ಮೂಟೆ ಎತ್ತಿ ಬೆಳೆದವನು. ಒಂದು ಸಲ ತಿರುಗಿ ಬಿದ್ದಿದ್ದರೆ ಅವನು ಏಳುತ್ತಿರಲಿಲ್ಲ. ಆದರೆ ಅಣ್ಣನ ಮೇಲೆ ಕೈ ಎತ್ತುವುದು ನನ್ನ ತೋಳಿಗೆ ಬರುತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅಣ್ಣ ತಾನೇ? ಬೇರೆಯವ್ರು ಹೊಡೆದ್ರೆ ಮಾತು ಬೇರೆ. ಅವನಿಗೂ ಟೆನ್ಷನ್ ಇರುತ್ತೆ ಕಣೋ, ಸ್ವಲ್ಪ ತಗ್ಗಿ ಬಗ್ಗಿ ನಡ್ಕೋ" ಎಂದಳು. ನಾನು ಅಮ್ಮನಿಗೆ ಬೈಯಲಿಲ್ಲ. ಬೈಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಲ್ಲಿಂದ ಮುಂದೆ ನಾನು ದಿನವೂ ಚಾಕು ಮಸೆಯತೊಡಗಿದೆ. ಕೆಲಸವಿಲ್ಲದ ಅಡುಗೆಯವನು ಚಾಕು ಮಸೆಯುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಮಸೆಯುವಾಗ ನನ್ನ ಕಣ್ಣು ಬಾಗಿಲಾಚೆ ಅಣ್ಣನ ಕುತ್ತಿಗೆಯ ಮೇಲಿರುತ್ತಿತ್ತು, ಹೆಡ್‌ಫೋನಿನ ಪಟ್ಟಿಗಿಂತ ಸ್ವಲ್ಪ ಕೆಳಗೆ. ಆ ವರ್ಷ ಆ ಮನೆಯಲ್ಲಿ ಒಬ್ಬರು ಸಾಯುತ್ತಾರೆ, ಕೊರೊನಾದಿಂದಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅವನ ಕೈಯಲ್ಲಿ ನಾನು ಸಾಯಬೇಕು, ಇಲ್ಲವೇ ನನ್ನ ಕೈಯಲ್ಲಿ ಅವನು. ಯಾರ ಮುಂದಾದರೂ ಬಾಯಿಬಿಟ್ಟು ಹೇಳಿದ್ದರೆ ತಪ್ಪುತ್ತಿತ್ತೇನೋ. ಗಂಡಸಾಗಿ, ಅಣ್ಣ ಹೊಡೆಯುತ್ತಾನೆ ಎಂದು ಯಾರಿಗೆ ಹೇಳುವುದು?

ಮಹಡಿಯ ಕೋಣೆಯಲ್ಲಿ ಇನ್ನೊಬ್ಬ ಬಾಡಿಗೆದಾರರಿದ್ದರು. ಘಾನಾ ದೇಶದ ಉತ್ತರ ತುದಿಯವರು, ಐವತ್ತು ದಾಟಿದವರು, ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುವ ಕೆಲಸ. ನಾನು ಅಂಕಲ್ ಎನ್ನುತ್ತಿದ್ದೆ. ಅವರ ಕಡೆಯೂ ಹಿರಿಯರನ್ನು ಹಾಗೇ ಕರೆಯುತ್ತಾರಂತೆ, ಅದರಿಂದಲೇ ನಮಗೆ ಹೊಂದಿಕೆಯಾದದ್ದು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದೆಲ್ಲ ಕನ್ನಡದಲ್ಲಿ. ರಜೆಯ ದಿನ ಅವರು ಹಿತ್ತಲಲ್ಲೇ ಇರುತ್ತಿದ್ದರು. ಹುಲ್ಲು ಕಿತ್ತು ಈರುಳ್ಳಿ, ಹುರುಳಿಕಾಯಿ, ಆಲೂಗಡ್ಡೆ ಹಾಕಿದ್ದರು. ಮಣ್ಣಿಗೆ ಸನಿಕೆ ಹಾಕುವ ಮುಂಚೆ ಪ್ರತಿ ಸಲ ಕುಕ್ಕರಗಾಲಲ್ಲಿ ಕೂತು ಅಂಗೈ ನೆಲಕ್ಕೆ ತಾಗಿಸಿ ಏನೋ ಹೇಳುತ್ತಿದ್ದರು. ನಾನೂ ಒಳಗಿಂದ ತಪ್ಪಿಸಿಕೊಳ್ಳಲು ಅವರ ಜೊತೆ ಕಳೆ ಕೀಳುತ್ತಿದ್ದೆ.

ಅವರದ್ದು ಸಜ್ಜೆ, ಜೋಳ, ಶೇಂಗಾ ಬೆಳೆಯುವ ಜನ. ಮಣ್ಣಿನ ಮನೆಗಳು, ಚಪ್ಪಟೆ ಮಾಳಿಗೆ, ಮಾಳಿಗೆಯ ಮೇಲೆ ಕಾಳು ಒಣಗಿಸುತ್ತಾರೆ, ಸೆಖೆಗೆ ಅಲ್ಲೇ ಮಲಗುತ್ತಾರೆ. ಮನೆಗಳು ಒತ್ತಾಗಿಲ್ಲ, ಒಂದೊಂದು ಮನೆಯ ಸುತ್ತಲೂ ಅದರದ್ದೇ ಹೊಲ. ಸತ್ತ ಅಜ್ಜಂದಿರು ಎಲ್ಲೂ ಹೋಗುವುದಿಲ್ಲ, ಅಂಗಳದಲ್ಲೇ ಇರುತ್ತಾರೆ. ಬಿತ್ತುವ ಮುಂಚೆ ಅವರಿಗೆ ಹಿಟ್ಟು ಕಲೆಸಿದ ನೀರು ಎರೆಯಬೇಕು, ಮನೆಯ ಯಜಮಾನ ಮಾತು ಕೊಡಬೇಕು, ಆಮೇಲೇ ಬೀಜ ಮಣ್ಣಿಗೆ. ಅಂಕಲ್ ಇಲ್ಲಿದ್ದರೂ ಯಜಮಾನರು ಅವರೇ. ಪ್ರತಿವರ್ಷ ಮಳೆ ಶುರುವಾಗುತ್ತಿದ್ದಂತೆ ಹೆಂಡತಿ ಮಕ್ಕಳು ಫೋನ್ ಮಾಡುತ್ತಾರೆ, ಇವರು ಇಲ್ಲಿಂದ "ಬಿತ್ತಿ" ಎನ್ನುತ್ತಾರೆ.

"ನೆಲ ಯಾರದ್ದೂ ಅಲ್ಲ. ಮೊದಲು ಬಂದು ನೆಲೆ ನಿಂತವರ ಮನೆತನದಲ್ಲಿ ಒಬ್ಬ ನೆಲದ ಹಿರಿಯ ಇರ್ತಾನೆ. ನಮ್ಮೂರಲ್ಲಿ ನಮ್ಮ ದೊಡ್ಡಪ್ಪ. ಯಾರೇ ಸಿಟ್ಟಲ್ಲಿ ನೆಲಕ್ಕೆ ರಕ್ತ ಹರಿಸಿದ್ರೂ ದೊಡ್ಡಪ್ಪನ ಹತ್ರ ಬರಬೇಕು" ಎಂದಿದ್ದರು ಅಂಕಲ್. ಬರದಿದ್ದರೆ? ಮಳೆ ನಿಲ್ಲುತ್ತದೆ, ಹೊಟ್ಟೆಯಲ್ಲಿನ ಮಗು ನಿಲ್ಲುವುದಿಲ್ಲ, ಆ ಮಣ್ಣಲ್ಲಿ ಬೆಳೆದದ್ದನ್ನು ತಿಂದವನ ಹೊಟ್ಟೆ ಊದುತ್ತದೆ. ಯಾರದ್ದು ಸರಿ ಯಾರದ್ದು ತಪ್ಪು ಎಂದು ನೆಲ ಕೇಳುವುದಿಲ್ಲವಂತೆ. ರಕ್ತ ಹರಿಸಿದ್ದು ಯಾರು, ಅದನ್ನು ಅದೇ ಜಾಗದಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು. ಅಷ್ಟೇ.

ನಾನು ನಗಲಿಲ್ಲ. ದೈವಕ್ಕೆ ಕೋಳಿ ಕೊಡುವ ಊರಿನವರ ಮೊಮ್ಮಗ ನಾನು.

ಆ ಮಧ್ಯಾಹ್ನ ಅಂಕಲ್ ಡ್ಯೂಟಿಯಲ್ಲಿದ್ದರು. ನಾನು ಈರುಳ್ಳಿ ಪಾತಿಯಲ್ಲಿ ಕಳೆ ಕೀಳುತ್ತ, ಹಳೆಯ ರೆಸ್ಟೋರೆಂಟಿನ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವನು ಕಿಲ್ಕೆನ್ನಿಯಲ್ಲಿದ್ದ, ಅಲ್ಲಿ ಪಾರ್ಸೆಲ್ ಅಡುಗೆಗೆ ಆಳು ಬೇಕು, ಇರಲು ಜಾಗವೂ ಇದೆ, ಬಾ ಎಂದ. "ಬರ್ತೀನಿ ಕಣೋ, ಇಲ್ಲಿ ಇದ್ರೆ ನಾನು ಉಳಿಯಲ್ಲ" ಎಂದೆ. ಹಿಂದೆ ಅಣ್ಣ ನಿಂತಿದ್ದ.

"ನನ್ನ ಬಿಟ್ಟು ಹೋಗ್ತೀಯಾ?" ಎಂದ. ಸ್ವರ ಎಷ್ಟು ಮೆತ್ತಗಿತ್ತೆಂದರೆ ನಾನು ತಿರುಗಿ ನೋಡಿದೆ. ಸನಿಕೆಯ ಅಗಲವಾದ ಕಡೆ ಹಣೆಗೆ ಬಿತ್ತು, ಅಂಚು ಹುಬ್ಬನ್ನು ಸೀಳಿತು. ಮಂಡಿಯೂರಿ ಬಿದ್ದೆ. ಎರಡನೆಯದು ಭುಜಕ್ಕೆ, ಮೂರನೆಯದು ಬೆನ್ನಿಗೆ. ಕಣ್ಣಿನ ಮೇಲಿಂದ ಬಿಸಿಬಿಸಿ ಇಳಿದು ಈರುಳ್ಳಿ ಎಲೆಗಳ ಮೇಲೆ, ಬುಡದ ಮಣ್ಣಿನ ಮೇಲೆ ತೊಟ್ಟಿಕ್ಕಿತು. ಅಣ್ಣ ಏದುಸಿರು ಬಿಡುತ್ತಿದ್ದ. ಸನಿಕೆ ಎಸೆದು, ನನ್ನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಟವೆಲ್ ಒತ್ತಿ ಹಿಡಿದು, ಮಗುವಿನ ಹಾಗೆ ಅತ್ತ. ಟೈಲ್ಸ್ ಮೇಲೆ ಬಿದ್ದ ಹನಿಗಳನ್ನು ತಾನೇ ಒರೆಸಿದ. ಹಿತ್ತಲನ್ನು ಒರೆಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅಂಕಲ್ ಬಂದವರೇ ಎಂದಿನಂತೆ ಹಿತ್ತಲಿಗೆ ಹೋದರು. ಒಳಗೆ ಬಂದಾಗ ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅದು ಯಾರ ರಕ್ತ?" ಎಂದರು.

"ಇವನು ಎಡವಿ ಬಿದ್ದ" ಎಂದ ಅಣ್ಣ.

"ಹೌದು ಅಂಕಲ್, ಬಿದ್ದೆ" ಎಂದೆ ನಾನೂ.

ಅವರು ನನ್ನ ಹುಬ್ಬು ನೋಡಿದರು, ಬ್ಯಾಂಡೇಜು ತಂದು ಸೀಳನ್ನು ಕೂಡಿಸಿ ಅಂಟಿಸಿದರು. ಆ ದಿನದಿಂದ ಮನೆಯಲ್ಲಿ ಒಂದು ತುತ್ತೂ ತಿನ್ನಲಿಲ್ಲ, ಹಿತ್ತಲಿಗೆ ಕಾಲಿಡಲಿಲ್ಲ. ಊರಿನಿಂದ ಮಕ್ಕಳ ಫೋನು ಬರುತ್ತಿತ್ತು, ಮೊದಲ ಮಳೆ ಬಿದ್ದಿದೆ, ಮಾತು ಕೊಡಿ ಎಂದು. ಅವರು ತಡೆಯಿರಿ ಎನ್ನುತ್ತಿದ್ದರು. ತಾವಿರುವ ಮನೆಯ ನೆಲ ಕೆಟ್ಟಿರುವಾಗ ಬಿತ್ತಿ ಎಂದರೆ ಅಲ್ಲಿ ಬೀಜ ಕೊಳೆಯುತ್ತದೆ, ಕಿರಿಯ ಸೊಸೆ ಬಸುರಿ ಬೇರೆ. ಕೊನೆಗೆ ನನ್ನ ಕೋಣೆಗೆ ಬಂದು ಕೂತರು.

"ಹುಡುಗಾ, ನಿನ್ನಣ್ಣ ಹೊಡೆದ. ಅದನ್ನ ಅವನು ಅಲ್ಲಿ ನಿಂತು ಹೇಳಬೇಕು. ದೊಡ್ಡಪ್ಪ ಫೋನಲ್ಲಿ ಇರ್ತಾರೆ. ಕೋಳಿ ಕೊಯ್ದು ಕೇಳಬೇಕು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಣ್ಣನ ಮೇಲಲ್ಲ, ಇವರ ಮೇಲೆ.

"ಇಷ್ಟು ದಿನ ಅವನು ನನ್ನನ್ನ ಬೆಲ್ಟಲ್ಲಿ ಬಾರಿಸ್ತಿದ್ನಲ್ಲ, ನಿಮ್ಮ ರೂಮಿಗೆ ಕೇಳಿಸ್ತಿರ್ಲಿಲ್ವಾ?"

"ಕೇಳಿಸ್ತಿತ್ತು."

"ಮತ್ತೆ ಯಾಕೆ ಕೆಳಗೆ ಬರ್ಲಿಲ್ಲ?"

"ಅದು ಮನೆ ಒಳಗಿನ ಮಾತು. ಅವನು ನಿನ್ನ ಹಿರಿಯ. ನಮ್ಮಲ್ಲೂ ಅಣ್ಣ ಹೊಡೀತಾನೆ, ಯಾರೂ ಹೋಗಲ್ಲ. ರಕ್ತ ನೆಲಕ್ಕೆ ಬಿದ್ದ ಮೇಲೆ ಮಾತ್ರ ಅದು ಎಲ್ಲರ ಮಾತು."

"ಅಂದ್ರೆ ನಿಮ್ಮ ಈರುಳ್ಳಿ ಪಾತಿಗಿರೋ ಬೆಲೆ ನನ್ನ ತಲೆಗಿಲ್ಲ" ಎಂದೆ. ಅವರು ಇಲ್ಲ ಎನ್ನಲಿಲ್ಲ. ಅವರಿಗೆ ಹೊರಗೆ ಹೋಗಿ ಎಂದೆ, ಹೋದರು. ಇವತ್ತಿಗೂ ಆ ಉತ್ತರವನ್ನು ನಾನು ಅವರಿಗೆ ಮನ್ನಿಸಿಲ್ಲ. ಆದರೆ ಅಮ್ಮನಿಂದ ಹಿಡಿದು ಎಲ್ಲರೂ ಇದು ಒಳಗಿನ ಮಾತು ಎನ್ನುತ್ತಿದ್ದಾಗ, ಹೊರಗೆ ಹೇಳಲೇಬೇಕು ಎಂದು ಹಟ ಹಿಡಿದವರು ಇವರೊಬ್ಬರೇ. ಮರುದಿನ ನಾನೇ ಹೋಗಿ ಒಪ್ಪಿಕೊಂಡೆ.

ಅಂಕಲ್‌ಗೆ ಈಗ ಇನ್ನೊಂದು ಚಿಂತೆ ಹತ್ತಿತು. ನೇಸ್‌ನ ನೆಲಕ್ಕೆ ಹಿರಿಯ ಯಾರು? ಅವನ ಅಪ್ಪಣೆಯಿಲ್ಲದೆ ಹೇಗೆ ಮಾಡುವುದು? ಮನೆ ಮಾಲೀಕನಿಗೇ ಫೋನ್ ಹಚ್ಚಿದರು. ಇಲ್ಲಿ ಮೊದಲು ಬಂದು ನೆಲೆಸಿದ ಮನೆತನ ಯಾವುದು ಎಂದು ಕೇಳಿದರು. ಆ ಮನುಷ್ಯ ತಬ್ಬಿಬ್ಬಾಗಿ, ಜಾಗ ತನ್ನ ಅಜ್ಜ ಕೊಂಡದ್ದು, ಪತ್ರ ಎಲ್ಲ ಸರಿಯಾಗಿದೆ ಎಂದ. ಕೊಂಡದ್ದೇ ಎಂದು ಅಂಕಲ್ ಹಣೆ ಚಚ್ಚಿಕೊಂಡರು. ಆದರೂ ಹಿತ್ತಲಿಗೆ ಸ್ವಲ್ಪ ರಕ್ತ ಎರೆಯಬೇಕು, ಒಪ್ಪಿಗೆಯೇ ಎಂದರು. ಐರ್ಲೆಂಡಿನ ತೋಟದ ಅಂಗಡಿಗಳಲ್ಲಿ ರಕ್ತ ಮತ್ತು ಮೂಳೆಯ ಗೊಬ್ಬರ ಸಿಗುತ್ತದೆ. ಅದನ್ನೇ ಎಂದುಕೊಂಡ ಮಾಲೀಕ ನಿಟ್ಟುಸಿರು ಬಿಟ್ಟು, "ಓ, ಗ್ರ್ಯಾಂಡ್! ಈರುಳ್ಳಿಗೆ ಬಹಳ ಒಳ್ಳೇದು" ಎಂದ. ಅಪ್ಪಣೆ ಸಿಕ್ಕಿತು.

ಕೋಳಿ ಸಿಕ್ಕಿದ್ದು ಐದು ಕಿಲೋಮೀಟರಿನೊಳಗೇ, ಒಬ್ಬ ಮುದುಕಿಯ ತೋಟದಲ್ಲಿ. ಮೊಟ್ಟೆ ನಿಲ್ಲಿಸಿದ ಮೂರು ಹೇಂಟೆ. ಸಜ್ಜೆ ಹಿಟ್ಟು ಇರಲಿಲ್ಲ. ನನ್ನ ಡಬ್ಬಿಯ ರಾಗಿ ಹಿಟ್ಟನ್ನು ಅಂಕಲ್ ಮೂಸಿ ನೋಡಿ ಆಗಬಹುದು ಎಂದರು. ಅಣ್ಣ ಒಪ್ಪಿಕೊಂಡದ್ದೇ ನನಗೆ ಆಶ್ಚರ್ಯ. "ಮುದುಕಂಗೆ ಹುಚ್ಚು. ಏನೋ ಒಂದು ಮಾಡಿ ಮುಗಿಸ್ಲಿ, ಅವನೂ ಬಾಡಿಗೆ ಕೊಡ್ತಾನೆ ಪಾಪ" ಎಂದು ನಗುತ್ತ, ಶನಿವಾರ ಮಧ್ಯಾಹ್ನ ಹಿತ್ತಲಿಗೆ ಬಂದು ಕೈಕಟ್ಟಿ ನಿಂತ.

ಫೋನನ್ನು ನೀರಿನ ಡಬ್ಬಕ್ಕೆ ಒರಗಿಸಿದ್ದರು. ತೆರೆಯ ಮೇಲೆ ದೊಡ್ಡಪ್ಪ, ಎಲುಬು ಎದ್ದ ಮುಖದ ಮುದುಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದ. ಅಂಕಲ್ ಹಿಟ್ಟಿನ ನೀರು ಪಾತಿಗೆ ಎರೆದು ದೀರ್ಘವಾಗಿ ಏನೋ ಹೇಳಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಹೇಳು. ಇಲ್ಲಿ ರಕ್ತ ಹೇಗೆ ಬಂತು?" ಎಂದರು.

"ಹೇಳಿದ್ನಲ್ಲ. ಅವನು ಬಿದ್ದ."

ಅಂಕಲ್ ಕೋಳಿಯ ಕತ್ತನ್ನು ಅರ್ಧ ಕೊಯ್ದು, ರಕ್ತವನ್ನು ಪಾತಿಯ ಮೇಲೆ ಹನಿಸಿ, ಕೋಳಿಯನ್ನು ನೆಲಕ್ಕೆ ಎಸೆದರು. ನಮ್ಮ ಕಡೆ ಕೋಳಿ ಕೊಟ್ಟರೆ ಕೊಟ್ಟ ಹಾಗೆ, ಮುಗಿಯಿತು. ಇವರಲ್ಲಿ ಕೋಳಿಯನ್ನು ಕೇಳುತ್ತಾರೆ. ಅಂಗಾತ ಬಿದ್ದು ರೆಕ್ಕೆ ಬಿಚ್ಚಿ ಸತ್ತರೆ ನೆಲ ಒಪ್ಪಿತು. ಬೋರಲು ಬಿದ್ದರೆ ಹೇಳಿದವನ ಬಾಯಲ್ಲಿ ಸುಳ್ಳಿದೆ. ಆ ಕೋಳಿ ಬೇಲಿಯವರೆಗೆ ಎಗರಿತು, ಹಲಗೆಗಳಿಗೆಲ್ಲ ರಕ್ತ ಚಿಮ್ಮಿಸಿತು, ತಿರುಗಿ ಬಂದು ನನ್ನ ಕಾಲ ಬಳಿ ಬೋರಲು ಬಿದ್ದು ಸತ್ತಿತು.

ಅಂಕಲ್ ನನ್ನನ್ನು ನೋಡಿದರು. "ನೀನು ಹೇಳು."

ಅಣ್ಣ ನನ್ನನ್ನು ನೋಡುತ್ತಿದ್ದ. ಅದೇ ನೋಟ, ಏಟಿನ ಮುಂಚಿನದ್ದು. "ನಾನೇ ಬಿದ್ದೆ" ಎಂದೆ.

ಎರಡನೆಯ ಕೋಳಿಯನ್ನು ಕೊಯ್ಯಲು ಅಂಕಲ್ ಚಾಕುವನ್ನು ನನ್ನ ಕೈಗೇ ಕೊಟ್ಟರು. ನನ್ನದೇ ಚಾಕು. ಕೋಳಿ ಕೊಯ್ದು ಎಸೆದೆ. ಅದು ಎಗರಲೂ ಇಲ್ಲ. ಎದೆಯ ಮೇಲೆ ಕುಸಿದು, ಕೊಕ್ಕನ್ನು ಮಣ್ಣಿಗೆ ಒತ್ತಿಕೊಂಡು ಕಾಲು ಝಾಡಿಸುತ್ತ ಬಿದ್ದಿತ್ತು. ಅಣ್ಣನಿಗೆ ತಾಳ್ಮೆ ಮುಗಿಯಿತು. "ಸಾಕು ನಿಮ್ಮ ನಾಟಕ" ಎಂದು ಇನ್ನೂ ಜೀವವಿದ್ದ ಕೋಳಿಯನ್ನು ಕಾಲಿಂದ ಒದ್ದ.

ಅಂಕಲ್ ಕೈ ಬೀಸಿ ಅವನ ಕೆನ್ನೆಗೆ ಕೊಟ್ಟರು. ಅಂಥ ಏಟನ್ನು ನಾನು ಜೀವನದಲ್ಲಿ ಕಂಡಿಲ್ಲ. ಅಣ್ಣನ ತುಟಿ ಒಡೆಯಿತು. ಮರುಕ್ಷಣ ಅಂಕಲ್ ಗಾಬರಿಬಿದ್ದು, ಅವನ ಗದ್ದದ ಕೆಳಗೆ ಎರಡೂ ಅಂಗೈ ಒಡ್ಡಿ, ಒಂದು ಹನಿಯೂ ಮಣ್ಣಿಗೆ ಬೀಳದಂತೆ ರಕ್ತ ಹಿಡಿದರು. ಹೊಡೆದವರೇ ಬೊಗಸೆಯೊಡ್ಡಿ ನಿಂತದ್ದನ್ನು ಕಂಡು ನನಗೆ ನಗು ಬಂತು. ಜೋರಾಗಿ ನಕ್ಕುಬಿಟ್ಟೆ. ಅಣ್ಣ ಅವರನ್ನು ಬದಿಗೆ ತಳ್ಳಿ ನನ್ನ ಮೇಲೆ ಬಿದ್ದ. ಹಣೆಯ ಬ್ಯಾಂಡೇಜಿನ ಮೇಲೆಯೇ ಗುದ್ದಿದ.

ನನ್ನ ಕೈಯಲ್ಲಿ ಚಾಕು ಇದ್ದದ್ದು ಅವನಿಗೆ ಮರೆತಿತ್ತು. ನನಗೆ ಮರೆತಿರಲಿಲ್ಲ. ಎಡಗೈಯಿಂದ ಅವನ ಕಾಲರ್ ಹಿಡಿದು ಬೇಲಿಗೆ ಒತ್ತಿದೆ, ಅಲಗನ್ನು ಗಂಟಲಿಗೆ ಇಟ್ಟೆ. ಎಷ್ಟು ಹಗುರವಾಗಿದ್ದ ಅವನು! ಇಷ್ಟು ವರ್ಷ ನಾನು ಹೆದರಿದ್ದು ಈ ತೂಕಕ್ಕೇ! ಒಂದೇ ಎಳೆತ ಸಾಕಿತ್ತು. ಕೊಲ್ಲಬೇಕೆಂದೇ ಇದ್ದೆ, ಅದರಲ್ಲಿ ಮುಚ್ಚುಮರೆಯಿಲ್ಲ.

"ಮೊದಲು ಹೇಳು!" ಅಂಕಲ್ ಕೂಗಿದರು. ನನ್ನನ್ನು ಎಳೆಯಲಿಲ್ಲ, ಮುಟ್ಟಲಿಲ್ಲ. "ಕೊಲ್ಲೋದಿದ್ರೆ ಕೊಲ್ಲು. ಆದ್ರೆ ಯಾಕೆ ಅಂತ ಹೇಳಿ ಕೊಲ್ಲು. ಹೇಳದೆ ಕೊಂದೋರಿಗೆ ಯಾವ ನೆಲದಲ್ಲೂ ಜಾಗ ಇಲ್ಲ!"

ಬಾಯಿ ತೆರೆದೆ. 'ಹೊಡೆದ' ಎಂಬ ಒಂದು ಮಾತು ಮೂರನೆಯ ಸಲಕ್ಕೆ ಹೊರಬಿತ್ತು. ಆಮೇಲೆ ತಡೆಯಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಸ್ಕೇಲು ಮುರಿಯುವಂತೆ ಹೊಡೆದದ್ದು, ಬೆಲ್ಟು, ಹಲ್ಲು, ಸನಿಕೆ, ಎಲ್ಲವನ್ನೂ ಕನ್ನಡದಲ್ಲಿ ಅರಚಿದೆ. ಪಕ್ಕದ ಮನೆಯ ಹೆಂಗಸು ಬೇಲಿಯ ಮೇಲಿಂದ ಇಣುಕಿದಳು. ಅವಳಿಗೂ ಅರ್ಥವಾಗಲೆಂದು ಅದನ್ನೇ ಇಂಗ್ಲಿಷಿನಲ್ಲಿ ಅರಚಿದೆ. ಅರಚುತ್ತ ಅರಚುತ್ತ ಚಾಕು ಹಿಡಿದ ಕೈ ತಾನಾಗಿಯೇ ಕೆಳಗಿಳಿದಿತ್ತು. ಅದು ಯಾವಾಗ ಇಳಿಯಿತೋ ನನಗೆ ಗೊತ್ತಾಗಲಿಲ್ಲ.

ಅಣ್ಣ ಬೇಲಿಗೆ ಒರಗಿ ಕುಸಿದಿದ್ದ. ಅಂಕಲ್ ಅವನ ಮುಂದೆ ಕೂತು, "ಹೌದೋ ಅಲ್ಲವೋ?" ಎಂದರು.

"ಹೌದು, ಹೊಡೆದೆ. ನಾನೇ ಹೊಡೆದೆ" ಎಂದ ಅಣ್ಣ, ಮಣ್ಣು ನೋಡುತ್ತ.

ಮೂರನೆಯ ಕೋಳಿ ಎರಡು ಸಲ ಗಾಳಿಗೆ ಹಾರಿ, ಅಂಗಾತ ಬಿದ್ದು, ರೆಕ್ಕೆಗಳನ್ನು ಅಗಲಕ್ಕೆ ಚಾಚಿ ಸತ್ತಿತು. ಫೋನಿನಲ್ಲಿ ದೊಡ್ಡಪ್ಪ ಏನೋ ಹೇಳಿ ಚಪ್ಪಾಳೆ ತಟ್ಟಿದ. ಅಂಕಲ್ ಅಳುತ್ತಿದ್ದರು. ಅಲ್ಲೇ ನಿಂತು ಮಕ್ಕಳಿಗೆ ಫೋನ್ ಮಾಡಿ ಬಿತ್ತಿ ಎಂದರು.

ಒಂದು ಶಾಸ್ತ್ರ ಉಳಿದಿತ್ತು. ನೆಲ ಒಪ್ಪಿದ ಕೋಳಿಯನ್ನು ಹೊಡೆದವನು, ಹೊಡೆಸಿಕೊಂಡವನು ಇಬ್ಬರೂ ಒಂದೇ ಬಟ್ಟಲಲ್ಲಿ ಕೈ ಹಾಕಿ ತಿನ್ನಬೇಕು. ಅಲ್ಲಿಗೆ ಜಗಳದ ಮಾತು ಸತ್ತ ಹಾಗೆ, ಮುಂದೆ ಯಾರೂ ಅದನ್ನು ಎತ್ತಬಾರದು. ನಾನೇ ಪುಕ್ಕ ಕಿತ್ತೆ, ಉಪ್ಪು ಮೆಣಸು ಹಾಕಿ ಬೇಯಿಸಿದೆ, ಹಿತ್ತಲಿಗೆ ತಂದಿಟ್ಟೆ. ಅಣ್ಣ ಮುಖ ತೊಳೆದು ಬಂದು ಕೂತಿದ್ದ. ಒಡೆದ ತುಟಿಯಲ್ಲೇ ನಕ್ಕ.

"ಬಾರೋ, ತಿನ್ನು. ಮುಗೀತಲ್ಲ. ಇನ್ನು ಹಿಂಗಾಗಲ್ಲ, ಅಪ್ಪನಾಣೆ."

ಆ ನಗು ನನಗೆ ಗೊತ್ತಿತ್ತು. ಐಸ್ ಹಿಡಿದು ಬರುತ್ತಿದ್ದವನ ನಗು. ಹೇಳಿಸಿದ್ದು ಸರಿ, ಹೇಳಿದ ಮೇಲೆ ಬಾಯಿ ಹೊಲಿಯುವುದು ಯಾವ ನ್ಯಾಯ? ಇಷ್ಟು ಕಷ್ಟಪಟ್ಟು ಹೊರಗೆ ಬಂದ ಮಾತನ್ನು ಒಂದು ತುಂಡು ಕೋಳಿಯ ಜೊತೆ ಮತ್ತೆ ಒಳಗೆ ಹಾಕಿಕೊಳ್ಳಬೇಕೇ?

"ನಾನು ತಿನ್ನಲ್ಲ" ಎಂದೆ.

ಅಂಕಲ್‌ಗೆ ದಿಕ್ಕು ತೋಚಲಿಲ್ಲ. ದೊಡ್ಡಪ್ಪನಿಗೆ ಮತ್ತೆ ಫೋನ್ ಮಾಡಿ ಕೇಳಿ ನನಗೆ ತಿಳಿಸಿದರು. "ನೆಲ ಒಪ್ಪಿದ ಮೇಲೂ ತಿನ್ನದೆ ಏಳೋನು ಆ ಮನೆಯವನಲ್ಲ. ನಿನಗೆ ಅಣ್ಣ ಇಲ್ಲ, ಇವನಿಗೆ ತಮ್ಮ ಇಲ್ಲ. ಸತ್ತಾಗ ಮಣ್ಣು ಹಾಕೋಕೂ ಬರೋ ಹಾಗಿಲ್ಲ. ಯೋಚನೆ ಮಾಡು ಮಗಾ."

"ಮಾಡಿದೀನಿ ಅಂತ ಹೇಳಿ ಅವರಿಗೆ."

ಅಣ್ಣ ಬಟ್ಟಲಿನಿಂದ ಕೈ ತೆಗೆದು ಎದ್ದ. ಕೈ ಎತ್ತಿದ. ಪಕ್ಕದ ಮನೆಯ ಹೆಂಗಸು ಇನ್ನೂ ಬೇಲಿಯ ಬಳಿಯೇ ಇದ್ದಳು, ಅಂಕಲ್ ಇದ್ದರು, ಎಲ್ಲರೂ ನೋಡುತ್ತಿದ್ದರು. ಕೈ ಇಳಿಸಿ ಕೂತುಕೊಂಡ. ನಾನು ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದೆ.

ಬಸ್ ಸ್ಟಾಪಿನ ದಾರಿಯಲ್ಲಿ, ವೃತ್ತದ ಬಳಿ ಗಾರ್ಡಾ ನಿಂತಿದ್ದರು. ಅಲ್ಲಿನ ಪೊಲೀಸರಿಗೆ ಹಾಗೆನ್ನುತ್ತಾರೆ. ಕಾರುಗಳನ್ನು ತಡೆದು ಎಲ್ಲಿಗೆ ಎಂದು ಕೇಳುತ್ತಿದ್ದರು. ಬ್ಯಾಗು ಹೊತ್ತು ನಡೆದು ಬರುತ್ತಿದ್ದ ನನ್ನನ್ನೂ ಒಬ್ಬ ಹೆಣ್ಣು ಗಾರ್ಡಾ ನಿಲ್ಲಿಸಿದಳು. ಮಾಸ್ಕಿನ ಮೇಲಿಂದ ಎಳೆಯ ಕಣ್ಣುಗಳು. ಕಿಲ್ಕೆನ್ನಿ ಎಂದೆ. ಅದು ಐದು ಕಿಲೋಮೀಟರಿಗಿಂತ ಬಹಳ ದೂರ, ಕಾರಣ ಏನು ಎಂದಳು. ಕೆಲಸ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

"ನನ್ನ ಅಣ್ಣ ನನ್ನನ್ನ ಹೊಡೀತಾನೆ" ಎಂದೆ.

ಅವಳು ನನ್ನ ಹಣೆ ನೋಡಿದಳು. ವೈದ್ಯರು ಬೇಕೇ, ದೂರು ಕೊಡುತ್ತೀರಾ ಎಂದು ಕೇಳಿದಳು. ಹೊಡೆತ ತಪ್ಪಿಸಿಕೊಂಡು ಹೋಗುವವರಿಗೆ ಆ ಐದು ಕಿಲೋಮೀಟರಿನ ನಿಯಮ ಇಲ್ಲವೆಂದು ಹೇಳಿದಳು. ಅದು ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನವೇ ಹೊರಡಬಹುದಿತ್ತು. ನಾನು ಮೊದಲ ಏಟಿನಿಂದ ಶುರು ಮಾಡಿದೆ. ಹಿಂದೆ ಕಾರುಗಳು ಸಾಲುಗಟ್ಟಿದವು. ಅವಳು ಮೆತ್ತಗೆ, ನೀವಿನ್ನು ಹೋಗಬಹುದು ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೇಳಿದಳು. ನಾನು ಹೇಳುತ್ತಲೇ ಇದ್ದೆ.